ಕುಟ್ಟದ ಕಡೆಯಿಂದ ಉತ್ತರ: ನಮ್ಮ ಮೆಂಬರ್ರು ಯಾವುದಕ್ಕೆ ಓಡಾಡುತ್ತಾರೆ

ಕೊಡಗಿನಲ್ಲಿ ಸ್ಥಳೀಯ ರಾಜಕಾರಣಿ ಅಂದರೆ ಯಾರು, ಅವರು ಯಾವ ವಿಷಯಕ್ಕೆ ದನಿ ಎತ್ತುತ್ತಾರೆ ಎಂದು ಕೇಳಿದ್ದೀರಿ. ಕಾಫಿ, ಮಂಜು, ಹೋಂಸ್ಟೇ ಬಿಟ್ಟು ಇದನ್ನು ಕೇಳಿದ್ದು ನನಗೆ ಖುಷಿಯಾಯಿತು. ನಾನಿರುವುದು ಕುಟ್ಟದ ಕಡೆ. ನಮ್ಮ ಪೇಟೆ ದಾಟಿದರೆ ತೋಲ್ಪೆಟ್ಟಿ, ಅಂದರೆ ವಯನಾಡು. ಇನ್ನೊಂದು ಪಕ್ಕ ನಾಗರಹೊಳೆ ಕಾಡು. ಈ ತುದಿಯಲ್ಲಿ ನಿಂತು ನೋಡಿದ್ದನ್ನೇ, ಅದರಲ್ಲೂ ನಮ್ಮ ಗ್ರಾಮ ಪಂಚಾಯಿತಿಯ ಒಬ್ಬ ಮೆಂಬರ್ರ ಬಗ್ಗೆ ಹೇಳುತ್ತೇನೆ. ಮಡಿಕೇರಿ ಪೇಟೆಯವರನ್ನು ಕೇಳಿದರೆ ಬೇರೆ ಉತ್ತರ ಸಿಗಬಹುದು.

ಮೊದಲು ಒಂದು ಲೆಕ್ಕ ಗೊತ್ತಿರಬೇಕು. ಕೊಡಗು ಒಂದು ಕಾಲಕ್ಕೆ ತಾನೇ ಒಂದು ರಾಜ್ಯವಾಗಿತ್ತು. 1952ರಿಂದ 1956ರವರೆಗೆ ಮಡಿಕೇರಿಯಲ್ಲೇ 24 ಸದಸ್ಯರ ವಿಧಾನಸಭೆ ಇತ್ತು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆಗಿದ್ದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. 2008ರ ಚುನಾವಣೆಗೆ ಮುಂಚೆ ನಮಗೆ ಮೂವರು ಶಾಸಕರಿದ್ದರು. ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರವೇ ಇಲ್ಲವಾಯಿತು. ಈಗ 224 ಜನರ ಸದನದಲ್ಲಿ ನಮ್ಮವರು ಇಬ್ಬರು, ಮಡಿಕೇರಿಗೆ ಒಬ್ಬರು, ವಿರಾಜಪೇಟೆಗೆ ಒಬ್ಬರು. ಲೋಕಸಭೆಗೆ ಮೈಸೂರಿನ ಜೊತೆ ಸೇರಿಸಿದ್ದಾರೆ. ಅಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮದು ಎರಡು. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಇಷ್ಟು ಕಡಿಮೆ ಓಟು ಇರುವ ಜಾಗದ ಮಾತು ಬೆಂಗಳೂರಿಗೆ ಮುಟ್ಟಬೇಕಾದರೆ ಯಾರಾದರೂ ಬಿಡದೆ ಬೆನ್ನು ಹತ್ತಬೇಕು.

ದೂರದ ಕಷ್ಟ ಬೇರೆ. ಕರಿಕೆಯನ್ನು ನೋಡಿ. ಕಾಸರಗೋಡಿಗೆ ಅಂಟಿಕೊಂಡಿರುವ ಊರು. ಅವರ ತಾಲ್ಲೂಕು ಮಡಿಕೇರಿ, ವಿಧಾನಸಭಾ ಕ್ಷೇತ್ರ ವಿರಾಜಪೇಟೆ, ಲೋಕಸಭೆಗೆ ಮೈಸೂರು. ಒಂದು ಕಾಗದಕ್ಕೆ ಭಾಗಮಂಡಲದ ಘಾಟಿ ಹತ್ತಿ ಮಡಿಕೇರಿಗೆ ಹೋಗಬೇಕು. ನಮ್ಮ ಕುಟ್ಟ ಮೊದಲು ವಿರಾಜಪೇಟೆ ತಾಲ್ಲೂಕಿನಲ್ಲಿತ್ತು, ಈಚೆಗೆ ಪೊನ್ನಂಪೇಟೆಗೆ ಬಂತು. ಅದೊಂದು ಅನುಕೂಲ ಆಗಿದೆ, ಸುಳ್ಳು ಹೇಳಬಾರದು. ಆ ತಾಲ್ಲೂಕಿಗಾಗಿ ಪೊನ್ನಂಪೇಟೆಯವರು ಎಷ್ಟೋ ವರ್ಷ ಮನವಿ ಕೊಟ್ಟು, ಧರಣಿ ಕೂತು ಕೇಳಿದ್ದರು.

ಇನ್ನು ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ. 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಶಾಸಕರಿಗೂ ಗ್ರಾಮ ಪಂಚಾಯಿತಿಗೂ ನಡುವೆ ಜನ ಆರಿಸಿದವರು ಯಾರೂ ಇಲ್ಲದ ಹಾಗಾಯಿತು. ಅದರ ಭಾರವೆಲ್ಲ ಬಿದ್ದದ್ದು ಗ್ರಾಮ ಪಂಚಾಯಿತಿ ಸದಸ್ಯರ ಮೇಲೆ. ಪಕ್ಷದ ಚಿಹ್ನೆ ಇಲ್ಲದೆ ಗೆಲ್ಲುವವರು ಇವರು. ಬೇರೆ ಕಡೆ 5,000 ಜನ ಇದ್ದರೆ ಒಂದು ಪಂಚಾಯಿತಿ, ನಮ್ಮಂಥ ಗುಡ್ಡಗಾಡು ಜಿಲ್ಲೆಗಳಲ್ಲಿ 2,500 ಇದ್ದರೂ ಸಾಕು ಎಂದು ಕಾನೂನೇ ಹೇಳುತ್ತದೆ. ಮನೆಗಳು ಅಷ್ಟು ದೂರ ದೂರ.

ನೀವು ಕೇಳಿದ ರಾಜಕಾರಣಿ ನನ್ನ ಕಣ್ಣಿಗೆ ಅಂಥ ಒಬ್ಬ ಮೆಂಬರ್ರು. ಹೆಸರು ಬೇಡ, ಅವರಿಗೂ ಇಷ್ಟವಾಗುವುದಿಲ್ಲ. ಮಹಿಳಾ ಮೀಸಲು ಸೀಟಿನಲ್ಲಿ ಗೆದ್ದವರು. ನಮಗೆಲ್ಲ ಅಕ್ಕ. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಕೊಡವ ತಕ್ಕ್, ಪೇಟೆಯ ಅಂಗಡಿಗಳಲ್ಲಿ ಮಲಯಾಳಂ, ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಎರವ ಆದಿವಾಸಿಗಳ ಮಾತು. ಅಕ್ಕನಿಗೆ ನಾಲ್ಕೂ ಬರುತ್ತದೆ. ಗ್ರಾಮಸಭೆ ಕನ್ನಡದಲ್ಲಿ ನಡೆಯುತ್ತದೆ, ಆದರೆ ಹಿಂದೆ ಗೋಡೆಗೆ ಒರಗಿ ನಿಂತ ಹೆಂಗಸರು ಕನ್ನಡದಲ್ಲಿ ದೂರು ಹೇಳಲು ಹಿಂಜರಿಯುತ್ತಾರೆ. ಅಕ್ಕ ವೇದಿಕೆ ಬಿಟ್ಟು ಅವರ ಹತ್ತಿರ ಹೋಗಿ ಕೇಳಿಕೊಂಡು, ಅದನ್ನು ಪಂಚಾಯಿತಿ ಅಧಿಕಾರಿ ಪಿಡಿಒ ಎದುರು ಕನ್ನಡದಲ್ಲಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸುತ್ತಾರೆ. ಬರೆದದ್ದನ್ನು ಓದಿಸಿ ಕೇಳಿದ ಮೇಲೇ ಸಹಿ.

ದಿನನಿತ್ಯದ ಕೆಲಸ ಹೇಗಿರುತ್ತದೆ ಅಂದರೆ, ರೇಷನ್ ಉದಾಹರಣೆ ಸಾಕು. ವರ್ಷಾನುಗಟ್ಟಲೆ ಕಾಫಿ ಕುಯ್ದ, ಕಳೆ ಕಿತ್ತ ಕೈಗಳಲ್ಲಿ ಬೆರಳಿನ ಗೆರೆ ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯ ಮೆಷಿನ್ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಒಂದು ಸಲ ನಾನೂ ಅಲ್ಲೇ ಕ್ಯೂನಲ್ಲಿದ್ದೆ. ವಯಸ್ಸಾದ ಒಬ್ಬ ಅವ್ವ ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಒತ್ತುತ್ತಿದ್ದರು. ಮತ್ತೆ ಮತ್ತೆ ಕೆಂಪು ದೀಪ. ಮೊಬೈಲಿಗೆ ಒಟಿಪಿ ತರಿಸೋಣ ಅಂದರೆ ಮಳೆಗೆ ಕರೆಂಟ್ ಹೋಗಿ ಟವರ್ ಸತ್ತಿತ್ತು. ಅಕ್ಕ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಗುಡ್ಡದ ಮೇಲೆ ಸಿಗ್ನಲ್ ಸಿಗುವ ತಿರುವಿಗೆ ಹೋಗಿ, ನಂಬರ್ ಬಂದ ಕೂಡಲೇ ವಾಪಸ್ ಬಂದರು. ಅಷ್ಟರಲ್ಲಿ ಒಟಿಪಿ ಅವಧಿ ಮುಗಿದಿತ್ತು. ಮಾರನೇ ದಿನ ಅಕ್ಕ ಆಹಾರ ಇಲಾಖೆಗೆ ಅರ್ಜಿ ಬರೆದರು: ಹೆಬ್ಬೆಟ್ಟು ಬಾರದವರ ಪಟ್ಟಿ, ಕಾರ್ಡ್ ನಂಬರ್ ಸಮೇತ, ಇವರಿಗೆ ಬೇರೆ ವ್ಯವಸ್ಥೆ ಮಾಡಿ ಎಂದು. ಆ ಪಟ್ಟಿಯವರಿಗೆ ಈಗ ಅಕ್ಕಿ ತಪ್ಪುತ್ತಿಲ್ಲ.

ಲೈನ್ ಮನೆಯವರಿಗೆ ಕಾರ್ಡ್ ಸಿಗುವುದೇ ದೊಡ್ಡ ಕಷ್ಟ. ಮನೆ ತೋಟದ ಸಾಹುಕಾರರದ್ದು. ವಿಳಾಸದ ಕಾಗದಕ್ಕೆ ಅವರು ಸಹಿ ಹಾಕಬೇಕು. ಸಹಿ ಹಾಕಿದರೆ ನಾಳೆ ಜಾಗ ಕೇಳುತ್ತಾರೋ ಎಂಬ ಭಯ ಕೆಲವರಿಗೆ. ಮೂರು ತಲೆಮಾರು ಒಂದೇ ತೋಟದಲ್ಲಿ ದುಡಿದರೂ ಸರ್ಕಾರಿ ಕಾಗದದಲ್ಲಿ ಮನೆ ಇಲ್ಲದವರನ್ನು ನಾನು ಬಲ್ಲೆ. ಅಕ್ಕನ ಮನೆಯವರಿಗೂ ತೋಟ ಇದೆ. ಆದರೂ ಲೈನ್ ಮನೆಯವರಿಗೆ ಪೈಸಾರಿ ಜಾಗದಲ್ಲಿ, ಅಂದರೆ ಯಾರಿಗೂ ಮಂಜೂರಾಗದೆ ಉಳಿದ ಸರ್ಕಾರಿ ಜಾಗದಲ್ಲಿ, ನಿವೇಶನ ಕೊಡಬೇಕು ಎಂದು ಸಭೆಯಲ್ಲಿ ಕೇಳಿದವರು ಅವರೇ. ಅದಕ್ಕೆ ಸ್ವಂತ ನೆಂಟರಿಷ್ಟರಿಂದಲೇ ಮಾತು ಕೇಳಿದ್ದಾರೆ. ಕೆಲಸಕ್ಕೆ ಆಳು ಸಿಗದ ಕಾಲದಲ್ಲಿ ಲೈನ್ ಖಾಲಿ ಮಾಡಿಸುತ್ತೀಯಾ ಎಂದು. ತೋಟದವರ ಕಷ್ಟವೂ ನಿಜ. ಜನವರಿ, ಫೆಬ್ರವರಿಯಲ್ಲಿ ರೊಬಸ್ಟಾ ಕಾಫಿ ಕುಯ್ಯಲು ಅಸ್ಸಾಮಿನಿಂದ ಬಂದವರನ್ನು ಕಾಯುವ ಪರಿಸ್ಥಿತಿ ಇದೆ. ಹಾಗೆಂದು ಒಬ್ಬರಿಗೆ ಸ್ವಂತ ಸೂರು ಬೇಡ ಎನ್ನಲು ಅದು ಕಾರಣವಾಗಬಾರದು. ಇದರಲ್ಲಿ ನಾನು ಅಕ್ಕನ ಕಡೆ.

ಅವರು ಎಲ್ಲಕ್ಕಿಂತ ಜಾಸ್ತಿ ಓಡಾಡಿದ್ದು ಸ್ಮಶಾನದ ಜಾಗಕ್ಕೆ. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಕೊಡಗಿನಲ್ಲಿ ಜಾಗ ಇದ್ದವರು ತಮ್ಮ ತೋಟದಲ್ಲೇ, ತಮ್ಮ ಕುಟುಂಬದ ಜಾಗದಲ್ಲೇ ಸಂಸ್ಕಾರ ಮಾಡುತ್ತಾರೆ. ಜಾಗ ಇಲ್ಲದವರು ಏನು ಮಾಡಬೇಕು? ಲೈನ್ ಮನೆಯವರು ತೋಟದ ಒಂದು ಮೂಲೆಯಲ್ಲಿ ಹೂಳುತ್ತಿದ್ದರು. ಹಳೆಯ ಸಾಹುಕಾರರು ಬೇಡ ಎನ್ನುತ್ತಿರಲಿಲ್ಲ. ತೋಟ ಕೈ ಬದಲಾದಾಗ ಕಥೆಯೂ ಬದಲಾಯಿತು. ಜುಲೈ ತಿಂಗಳ ಒಂದು ದಿನ ಲೈನ್ ಮನೆಯ ಅಜ್ಜಿಯೊಬ್ಬರು ತೀರಿಕೊಂಡರು. ಆ ತೋಟವನ್ನು ಹೊಸದಾಗಿ ಕೊಂಡವರು ಗೇಟು ತೆಗೆಯಲಿಲ್ಲ. ಹೊಳೆ ದಂಡೆಗೆ ಒಯ್ಯೋಣ ಅಂದರೆ ನೀರು ಮೇಲೆ ಬಂದಿತ್ತು. ಮಧ್ಯಾಹ್ನ ಕಳೆದರೂ ಹೆಣ ಟಾರ್ಪಾಲಿನ ಕೆಳಗೇ ಇತ್ತು. ಮಕ್ಕಳು ಅಳುವುದನ್ನೂ ಬಿಟ್ಟು ಸುಮ್ನೆ ಕೂತಿದ್ದರು. ಅಕ್ಕ ಫೋನ್ ಮೇಲೆ ಫೋನ್ ಮಾಡಿದ ಮೇಲೆ, ಕೊನೆಗೆ ಬೇರೆ ತೋಟದವರೊಬ್ಬರು ತಮ್ಮ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಮರಗಾಡಿನ ಜಾಗದಲ್ಲಿ, ಅವಕಾಶ ಕೊಟ್ಟರು. ಕತ್ತಲಾಗುವ ಹೊತ್ತಿಗೆ ಕೆಲಸ ಮುಗಿಯಿತು.

ಆಮೇಲಿನ ಗ್ರಾಮಸಭೆಯಲ್ಲೇ ನಿರ್ಣಯ ಆಯಿತು. ಸ್ಮಶಾನ ಇಲ್ಲದ ಹಳ್ಳಿಗಳಿಗೆ ಜಾಗ ಒದಗಿಸಬೇಕು ಎಂದು ರಾಜ್ಯ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು. ಅಕ್ಕ ಆ ಆದೇಶದ ಪ್ರತಿಯನ್ನು ಪ್ರತಿ ಅರ್ಜಿಗೂ ಪಿನ್ ಮಾಡುತ್ತಿದ್ದರು. ಒಂದು ಪೈಸಾರಿ ಜಾಗವನ್ನೂ ಗುರುತಿಸಿದರು. ಅಲ್ಲಿಂದ ಶುರುವಾಯಿತು ನಿಜವಾದ ತೊಡಕು. ಕಂದಾಯದ ಕಡತದಲ್ಲಿ ಪೈಸಾರಿ ಎಂದಿರುವುದು ಅರಣ್ಯ ಇಲಾಖೆಯ ಕಡತದಲ್ಲಿ ಅವರ ಜಾಗ. ಇದು ನಮ್ಮ ಊರಿನದು ಮಾತ್ರ ಅಲ್ಲ. ಸೋಮವಾರಪೇಟೆ ಕಡೆ ಸಿ ಅಂಡ್ ಡಿ ಜಾಗ, ಅಂದರೆ ಕೃಷಿಗೆ ಬಾರದ್ದು ಎಂದು ವರ್ಗ ಮಾಡಿದ ಸರ್ಕಾರಿ ಜಾಗ, ಎಂದು ರೈತರು ಪ್ರತಿಭಟನೆ ಮಾಡುತ್ತಾರಲ್ಲ, ಬೇರು ಇದೇ. ಎರಡು ಇಲಾಖೆಯವರೂ ಒಟ್ಟಿಗೆ ಬಂದು ಅಳೆದು ಗಡಿ ಗುರುತು ಮಾಡುವ ತನಕ ಯಾರೂ ಸಹಿ ಹಾಕುವುದಿಲ್ಲ. ಅದಕ್ಕೆ ಜಂಟಿ ಸರ್ವೆ ಎನ್ನುತ್ತಾರೆ. ಒಂದು ಇಲಾಖೆಯವರು ಬಂದ ದಿನ ಇನ್ನೊಬ್ಬರು ಬರುವುದಿಲ್ಲ. ಅಕ್ಕ ಒಂದೊಂದು ಅರ್ಜಿಗೂ ಟಪಾಲಿನ ಸೀಲು ಹಾಕಿಸಿಕೊಂಡು, ಉತ್ತರ ಬಾರದಿದ್ದರೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಡಿ ಎಂದು ಹಠ ಹಿಡಿದು ಕೂರುತ್ತಿದ್ದರು. ಆಗುವುದಿಲ್ಲ ಎಂದಾದರೂ ಬರೆದು ಕೊಡಿ, ನಾನು ಮೇಲಿನವರ ಹತ್ತಿರ ಹೋಗುತ್ತೇನೆ ಎನ್ನುತ್ತಿದ್ದರು. ಬರೆದು ಕೊಡಲು ಯಾರಿಗೂ ಧೈರ್ಯ ಇರುವುದಿಲ್ಲ. ಆಗ ಕಡತ ಒಂದು ಮೇಜು ಮುಂದೆ ಹೋಗುತ್ತದೆ.

ಸರ್ವೆ ಆದ ದಿನ ನಾನೂ ಹೋಗಿದ್ದೆ. ಸಣ್ಣ ಮಳೆ, ಕಾಲಿಗೆ ಜಿಗಣೆ. ಛತ್ರಿ ಕೆಳಗೆ ನಕಾಶೆ ಬಿಡಿಸಿ, ಹಳೆಯ ಗಡಿಕಲ್ಲನ್ನು ಹುಡುಕಿ, ಪಾಚಿ ಕೆರೆದು ನಂಬರ್ ಓದಿದರು. ಅಕ್ಕ ಎಲ್ಲರಿಗೂ ಮನೆಯಿಂದ ಬುತ್ತಿ ತಂದಿದ್ದರು. ಅರಣ್ಯ ಇಲಾಖೆಯ ಬೀಟ್ ಗಾರ್ಡ್ ಬೇರೆ ಕಡೆ ಆನೆ ಬಂದಿದೆ ಎಂದು ಹೊರಡಲು ನೋಡಿದರು. ಅಣ್ಣಾ, ಆ ಎರಡು ಕಲ್ಲು ತೋರಿಸಿ ಹೋಗಿ, ಆಮೇಲೆ ನಾನೇ ಜೀಪಿನಲ್ಲಿ ಬಿಡುತ್ತೇನೆ ಎಂದು ನಿಲ್ಲಿಸಿಕೊಂಡರು. ಸಂಜೆಯೊಳಗೆ ಮಹಜರಿಗೆ ಎರಡೂ ಕಡೆಯವರ ಸಹಿ ಬಿತ್ತು.

ಆಸ್ಪತ್ರೆಯ ವಿಷಯ ಇದಕ್ಕಿಂತ ದೊಡ್ಡದು, ಒಬ್ಬ ಮೆಂಬರ್ ಕೈಗೆ ಸಿಗುವುದಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ತಲೆಗೆ ಪೆಟ್ಟು ಬಿದ್ದರೆ, ಎದೆನೋವು ಜೋರಾದರೆ ಮೈಸೂರಿಗೋ ಮಂಗಳೂರಿಗೋ ಎನ್ನುವುದು ನಮ್ಮ ಜನಕ್ಕೆ ರೂಢಿ. 2019ರಲ್ಲಿ ಕೊಡಗಿಗೆ ತುರ್ತು ಆಸ್ಪತ್ರೆ ಬೇಕು ಎಂದು ಯುವಕರು ಟ್ವಿಟರಿನಲ್ಲಿ ದೊಡ್ಡ ಅಭಿಯಾನ ಮಾಡಿದ್ದರು, ನಿಮಗೂ ನೆನಪಿರಬಹುದು. ಜಿಲ್ಲೆಗೆ ರೈಲು ಇಲ್ಲ. ಕುಟ್ಟದಿಂದ ನಾಗರಹೊಳೆ ಮೂಲಕ ಹುಣಸೂರಿಗೆ ಹೋಗುವ ರಸ್ತೆ ರಾತ್ರಿ ಮುಚ್ಚುತ್ತದೆ. ಗೋಣಿಕೊಪ್ಪ, ತಿತಿಮತಿ ಸುತ್ತಿ ಹೋಗಬೇಕು. ಹಾಗಾಗಿ ನಮ್ಮ ಕಡೆಯವರು ಹತ್ತಿರದ ಮಾನಂದವಾಡಿಗೆ ಓಡುತ್ತಾರೆ. 2020ರಲ್ಲಿ ಕೊರೊನಾಗೆ ಕೇರಳದ ಗಡಿ ಮುಚ್ಚಿದಾಗ ಈ ಗಡಿ ನಮಗೆ ಎಷ್ಟು ಬೇಕು ಅನ್ನುವುದು ಅರ್ಥವಾಯಿತು. ಔಷಧಿ ಆ ಕಡೆ, ರೋಗಿ ಈ ಕಡೆ. ಮಡಿಕೇರಿ ಪೇಟೆಯವರು ಗಡಿ ಮುಚ್ಚಿದ್ದು ಒಳ್ಳೆಯದೇ ಆಯಿತು ಎನ್ನುತ್ತಿದ್ದರು. ಸೋಂಕಿನ ಭಯ ಅವರಿಗೂ ಇತ್ತು. ಆದರೆ ಡಯಾಲಿಸಿಸ್ ಬೇಕಾದವರು ಏನು ಮಾಡಬೇಕಿತ್ತು?

ಇಂಥ ಹೋರಾಟಕ್ಕೆ ಕೊಡಗಿನಲ್ಲಿ ಹಳೆಯ ದಾರಿ ಇದೆ. ಎ.ಕೆ. ಸುಬ್ಬಯ್ಯ ಅವರ ಹೆಸರು ಕೇಳಿರುತ್ತೀರಿ. 1980ರಲ್ಲಿ ರಾಜ್ಯ ಬಿಜೆಪಿಯ ಮೊದಲ ಅಧ್ಯಕ್ಷರು, ಆಮೇಲೆ ಅದೇ ಪಕ್ಷದಿಂದ ಹೊರಬಂದವರು. ವಿಧಾನ ಪರಿಷತ್ತಿನಲ್ಲಿ ಅವರು ಎದ್ದು ನಿಂತರೆ ಸರ್ಕಾರ ಕಿವಿಗೊಡುತ್ತಿತ್ತು. 2016ರ ಡಿಸೆಂಬರಿನಲ್ಲಿ ಮಾಲ್ದಾರೆ ಹತ್ತಿರದ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಐನೂರಕ್ಕೂ ಜಾಸ್ತಿ ಗುಡಿಸಲು ಕೆಡವಿದಾಗ, ಆ ಇಳಿವಯಸ್ಸಿನಲ್ಲೂ ಅವರ ಜೊತೆ ನಿಂತರು. ಅಲ್ಲಿನ ಕುಟುಂಬಗಳಿಗೆ ಆಮೇಲೆ ಕುಶಾಲನಗರ ಕಡೆಯ ಬಸವನಹಳ್ಳಿಯಲ್ಲೂ ಬ್ಯಾಡಗೊಟ್ಟದಲ್ಲೂ ಮನೆ ಕಟ್ಟಿಕೊಟ್ಟರು. ಸುಬ್ಬಯ್ಯನವರು 2019ರ ಆಗಸ್ಟಿನಲ್ಲಿ ತೀರಿಕೊಂಡರು. ಅವರ ರಾಜಕೀಯದ ಬಗ್ಗೆ ಕೊಡಗಿನಲ್ಲಿ ಇಂದಿಗೂ ಜಗಳ ನಡೆಯುತ್ತದೆ. ನಮ್ಮ ಅಪ್ಪ ಅವರನ್ನು ಒಪ್ಪುತ್ತಲೇ ಇರಲಿಲ್ಲ. ಆದರೆ ದಿಡ್ಡಳ್ಳಿ ವಿಷಯ ಬಂದಾಗ ಅಪ್ಪನೂ ತಲೆಯಾಡಿಸಿದ್ದನ್ನು ನೋಡಿದ್ದೇನೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದಾಗಲೂ ಯಾವ ಮನೆಯಲ್ಲಿ ಎಷ್ಟು ಜನ, ಹಾಸಿಗೆ ಹಿಡಿದವರು ಯಾರು ಎಂದು ಬಾಯಿಪಾಠ ಹೇಳುವವರು ಊರಿನವರು, ಪಂಚಾಯಿತಿಯವರು. ಹೊರಗಿನಿಂದ ಬಂದ ರಕ್ಷಣಾ ಪಡೆಗೆ ಅದೆಲ್ಲಿ ಗೊತ್ತಿರುತ್ತದೆ, ಅಲ್ವಾ?

ಇಷ್ಟು ಕೆಲಸ ಮಾಡುವವರು ಮೇಲೆ ಯಾಕೆ ಹೋಗುವುದಿಲ್ಲ ಎಂದೂ ಕೇಳಿದ್ದೀರಿ. ದುಡ್ಡು ಒಂದು ಕಾರಣ. ಟಿಕೆಟ್ ಕೊಡುವಾಗ ಜಾತಿ ಲೆಕ್ಕ ಹಾಕುವುದು ಇನ್ನೊಂದು. ಆದರೆ ಮುಖ್ಯ ಕಾರಣ, ಮುಂದಿನ ಮೆಟ್ಟಿಲೇ ಇಲ್ಲದಿದ್ದದ್ದು. ಗ್ರಾಮ ಪಂಚಾಯಿತಿಯಲ್ಲಿ ಪಳಗಿದವರು ತಾಲ್ಲೂಕಿಗೆ, ಜಿಲ್ಲೆಗೆ ಹೋಗಿ ಬಜೆಟ್ ನೋಡಿ ಕಲಿಯಬೇಕು. ವರ್ಷಗಟ್ಟಲೆ ಆ ಚುನಾವಣೆ ನಡೆಸದೆ ಇಟ್ಟರೆ ನಮ್ಮಂಥ ಗಡಿ ಊರಿನ ಹೆಣ್ಣುಮಗಳು ಮುಂದೆ ಬರುವುದು ಹೇಗೆ? ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಜಿಲ್ಲಾ ಪಂಚಾಯಿತಿಗೆ ನಿಲ್ಲಿ ಎಂದು ನಾವು ಕೆಲವರು ಅಕ್ಕನಿಗೆ ಹೇಳಿದ್ದೇವೆ. ಮೀಸಲಾತಿ ಪಟ್ಟಿಯಲ್ಲಿ ನಮ್ಮ ಕ್ಷೇತ್ರ ಯಾರಿಗೆ ಬರುತ್ತದೋ ನೋಡೋಣ ಎಂದಿದ್ದಾರೆ. ಅವರು ನಿಂತರೆ ನಾನು ಲೈನ್ ಮನೆಗಳಿಗೂ ಆದಿವಾಸಿಗಳ ಹಾಡಿಗಳಿಗೂ ಓಟು ಕೇಳಲು ಹೋಗುತ್ತೇನೆ.