ಬಸುರಿಯರು ಹುಳದ ಮಾತ್ರೆ ತಗೊಳ್ಳಬಹುದಾ? ಮಗುವಿಗೆ ಯಾವಾಗಿನಿಂದ ಕೊಡಬೇಕು?

ತಗೊಳ್ಳಬಹುದು, ಆದರೆ ಮೊದಲ ಮೂರು ತಿಂಗಳು ಬೇಡ. ಆಮೇಲೆ ಡಾಕ್ಟರು ಹೇಳಿದರೆ ಸಾಮಾನ್ಯವಾಗಿ ಆಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಮಾತ್ರೆ. ಮೆಡಿಕಲ್‌ನಿಂದ ಸುಮ್ನೆ ತಂದು ನುಂಗಬೇಡಿ.

ನಮ್ಮ ಕಾಸರಗೋಡಿನ ಕಡೆ ಅಡಿಕೆ ತೋಟಕ್ಕೆ ಬರಿಗಾಲಲ್ಲೇ ಇಳಿಯುತ್ತೇವಲ್ವಾ, ಕೊಕ್ಕೆಹುಳಕ್ಕೆ ಅದೇ ದಾರಿ. ಬಯಲಲ್ಲಿ ಬಿದ್ದ ಮಲದಿಂದ ಮೊಟ್ಟೆ ಒದ್ದೆ ಮಣ್ಣಿಗೆ ಸೇರಿ ಮರಿಯಾಗುತ್ತದೆ, ಆ ಮರಿ ಕಾಲಿನ ಚರ್ಮ ತೂರಿ ರಕ್ತಕ್ಕೆ ಸೇರಿ, ಶ್ವಾಸಕೋಶ ದಾಟಿ ಗಂಟಲಿಗೆ ಹತ್ತುತ್ತದೆ, ನಾವು ಗೊತ್ತಿಲ್ಲದೆ ನುಂಗುತ್ತೇವೆ, ಕೊನೆಗೆ ಕರುಳಿಗೆ. ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಬಸುರಿಗೆ ಮೊದಲೇ ಕಬ್ಬಿಣಾಂಶ ಜಾಸ್ತಿ ಬೇಕು, ಅದರ ಮೇಲೆ ಇದೂ ಸೇರಿದರೆ ರಕ್ತಹೀನತೆ, ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗಬಹುದು. ಅದಕ್ಕೇ ಕಬ್ಬಿಣದ ಮಾತ್ರೆ ಬಿಡಬೇಡಿ, ತೋಟಕ್ಕೆ ಚಪ್ಪಲಿ ಹಾಕಿ.

ಮಗುವಿಗೆ ಒಂದು ವರ್ಷ ತುಂಬಲಿ. 2 ವರ್ಷದವರೆಗೆ ಅರ್ಧ ಮಾತ್ರೆ, ಆಮೇಲೆ ಪೂರ್ತಿ. ಚಿಕ್ಕವರಿಗೆ ಇಡೀ ಮಾತ್ರೆ ಬಾಯಿಗೆ ಹಾಕಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಎರಡು ಚಮಚದ ನಡುವೆ ಪುಡಿಮಾಡಿ ನೀರಲ್ಲಿ ಕಲಸಿ ಕೊಡಿ. ಜಂತುಹುಳ ನಿವಾರಣಾ ದಿನದಂದು ಅಂಗನವಾಡಿಯಲ್ಲಿ ಪುಕ್ಕಟೆ ಕೊಡುತ್ತಾರೆ.

ಅಂದ ಹಾಗೆ, ಬೆಲ್ಲ ತಿಂದರೆ ಹುಳ ಆಗುತ್ತದೆ ಅಂತ ಅಜ್ಜಿ ಗದರಿಸುವುದು ಸುಳ್ಳು. ತೊಳೆಯದ ಕೈಯಿಂದ, ಬರಿಗಾಲಿಂದ ಆಗುವುದು.