ಮುಗಿಯದ ಪಾಪ ಅರಿಕೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. 36 ವರ್ಷದ ಶಿಕ್ಷಕಿ, ಇಬ್ಬರು ಮಕ್ಕಳ ತಾಯಿ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಕ್ರೈಸ್ತ ಸಭೆಯವರು. ನಮ್ಮಲ್ಲಿ ಆಪ್ತಸಲಹೆಗೆ ಬಂದದ್ದು ಗಂಡನ ಒತ್ತಾಯಕ್ಕೆ. 15 ನಿಮಿಷವಿದ್ದ ಬೆಳಗಿನ ಪ್ರಾರ್ಥನೆ ಎರಡು ಗಂಟೆಗೆ ಬೆಳೆದಿತ್ತು. ದೋಸೆ ಹುಯ್ಯುವಾಗ ಅತ್ತೆಯ ಬಗ್ಗೆ ಒಂದು ಕೆಟ್ಟ ಮಾತು ಮನಸ್ಸಿಗೆ ಬಂದರೆ ಒಲೆ ಆರಿಸಿ, ಮೊಣಕಾಲೂರಿ ಕ್ಷಮೆ ಕೇಳುತ್ತಿದ್ದರು. ಕೇಳುವಾಗ ಗಮನ ಅತ್ತಿತ್ತ ಸರಿದರೆ ಮತ್ತೆ ಮೊದಲಿನಿಂದ. "ದೇವರು ಕ್ಷಮಿಸಿದಾನಾ?" ಎಂದು ಗಂಡನನ್ನು ದಿನಕ್ಕೆ ಇಪ್ಪತ್ತು ಸಲವಾದರೂ ಕೇಳುತ್ತಿದ್ದರು. ಅಯೋಗ್ಯವಾಗಿ ತೆಗೆದುಕೊಂಡೇನು ಎಂಬ ಭಯಕ್ಕೆ 14 ತಿಂಗಳಿಂದ ಕರ್ತನ ಭೋಜನ (ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿ) ಬಿಟ್ಟಿದ್ದರು. ಹತ್ತಿರದವರು ಪ್ರೀತಿಯಿಂದಲೇ ಹೇಳಿದ್ದು ಇನ್ನಷ್ಟು ಪ್ರಾರ್ಥನೆ, ಉಪವಾಸ. ಎರಡರಿಂದಲೂ ಕಷ್ಟ ಹೆಚ್ಚಾಯಿತು.

ಇದು ನಂಬಿಕೆಯ ಕೊರತೆಯಲ್ಲ, ಗೀಳು ಮನೋರೋಗದ (ಒಸಿಡಿ) ಒಂದು ರೂಪ: ಬೇಡದ ಯೋಚನೆ ಮತ್ತೆ ಮತ್ತೆ ಬರುತ್ತದೆ, ಅದರ ಆತಂಕ ಇಳಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕೆನಿಸುತ್ತದೆ. ಮನಸ್ಸಾಕ್ಷಿಯ ಚುಚ್ಚುವಿಕೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲ ದಿನವೇ ಬರೆದು ಕೊಟ್ಟೆವು. ನಿಜವಾದ ತಪ್ಪಿಗೆ ಒಂದು ಕೃತ್ಯ ಇರುತ್ತದೆ, ನೊಂದವರು ಒಬ್ಬರು ಇರುತ್ತಾರೆ, ಸರಿಪಡಿಸಿದರೆ ಭಾರ ಇಳಿಯುತ್ತದೆ. ಗೀಳಿಗೆ ಇರುವುದು ಬರೀ "ಒಂದು ವೇಳೆ". ಕ್ಷಮೆ ಕೇಳಿದ ಐದೇ ನಿಮಿಷಕ್ಕೆ ಅದು ಹೊಸ ಸಂದೇಹ ಹೊತ್ತು ಬಾಗಿಲಲ್ಲಿ ನಿಂತಿರುತ್ತದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆವು, ಇಲ್ಲ ಎಂದರು. ಆದರೂ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಗಂಡನ ಫೋನಿನಲ್ಲಿ ಹಾಕಿಸಿದೆವು. ಮನೋವೈದ್ಯರು ಗೀಳಿನ ತೀವ್ರತೆ ಅಳೆಯುವ ಯೇಲ್-ಬ್ರೌನ್ ಮಾಪನದಲ್ಲಿ ಅಳೆದಾಗ 40ಕ್ಕೆ 26 ಬಂತು; 24ರಿಂದ 31 ಎಂದರೆ ತೀವ್ರ. ಮಾತ್ರೆ ಶುರುವಾಯಿತು. ಗೀಳಿಗೆ ಈ ಮಾತ್ರೆಗಳು ಸರಿಯಾಗಿ ನಾಟಲು 8ರಿಂದ 12 ವಾರ ಬೇಕಾಗಬಹುದು. ಮೂರನೇ ವಾರಕ್ಕೆ "ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುವವರಿದ್ದಾರೆ. ಹಾಗಾಗಿ ಈ ಲೆಕ್ಕವನ್ನು ಮುಂಚೆಯೇ ಹೇಳಿದೆವು.

ಒಂದು ವಾರ ಪುಸ್ತಕದಲ್ಲಿ ಬರೆದಿಟ್ಟರು: ಗಂಟೆ, ಬಂದ ಯೋಚನೆ, ಏನು ಮಾಡಿದೆ, ಎಷ್ಟು ಹೊತ್ತು. ಆಮೇಲೆ ಪ್ರಾರ್ಥನೆಗೆ ನಿಯಮ ಹಾಕಿದೆವು. ರಾತ್ರಿ 9ಕ್ಕೆ, ಒಂದೇ ಸಲ, 10 ನಿಮಿಷ. ಅದರಲ್ಲಿ ಪಾಪ ಅರಿಕೆಗೆ 2 ನಿಮಿಷ. ಗಮನ ತಪ್ಪಿದರೂ, ಮಾತು ತೊದಲಿದರೂ ಹಿಂದಕ್ಕೆ ಹೋಗುವಂತಿಲ್ಲ. ಆಮೆನ್ ಎಂದ ಮೇಲೆ ಮುಗಿಯಿತು. "ಇದು ಅಸಡ್ಡೆ ಅಲ್ಲವಾ?" ಎಂದು ಕೇಳಿದರು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆ ಕೇಳುವ ಮಾತು ಒಂದೇ ಸಲ ಬರುತ್ತದೆ ಎಂದು ತೋರಿಸಿದೆವು.

ಬೈಬಲಿನ ಲೂಕ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಸ್ವಲ್ಪ ಹೊತ್ತು ನಿಂತೆವು, ಇವರ ನೋವಿನ ಬೇರು ಅಲ್ಲಿಗೇ ತಾಗುತ್ತಿತ್ತು. ತಪ್ಪಿಹೋದ ಮಗ ಹಂದಿಗಳ ನಡುವೆ ಕೂತು ಅರಿಕೆಯನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಳ್ಳುತ್ತಾನೆ. ಅದರ ಕೊನೆಯ ಮಾತು, ನನ್ನನ್ನು ಕೂಲಿಯಾಳಿನಂತೆ ಇಟ್ಟುಕೋ ಎಂಬುದು, 19ನೇ ವಚನದಲ್ಲಿದೆ. ತಂದೆಯ ಮುಂದೆ ನಿಂತಾಗ, 21ನೇ ವಚನದಲ್ಲಿ, ಆ ಮಾತೇ ಇಲ್ಲ. ಅಷ್ಟರಲ್ಲಿ ತಂದೆ ಅಂಗಿ, ಉಂಗುರ, ಜೋಡು ತರಿಸುತ್ತಾನೆ. ಅರಿಕೆ ಅರ್ಧಕ್ಕೇ ನಿಂತರೂ ಅಪ್ಪುಗೆ ಪೂರ್ತಿಯಾಗಿಯೇ ಸಿಕ್ಕಿತು. ಅದೂ ಮಗ ಬಾಯಿ ತೆರೆಯುವ ಮೊದಲೇ, 20ನೇ ವಚನದಲ್ಲಿ. ಈಕೆ ಬಹಳ ಹೊತ್ತು ಮಾತಾಡಲಿಲ್ಲ.

ಕರ್ತನ ಭೋಜನದ ಭಯಕ್ಕೆ ಪೌಲನ ಪತ್ರವಾದ 1 ಕೊರಿಂಥದ 11ನೇ ಅಧ್ಯಾಯವನ್ನು ಹಿಂದುಮುಂದಿನ ವಚನಗಳ ಜೊತೆ ಓದಿದೆವು. ಅಲ್ಲಿ ಪೌಲ ಗದರಿಸುವುದು ಬಡವರು ಹಸಿದಿರುವಾಗ ತಾವು ಮೊದಲೇ ಉಂಡು ಅಮಲೇರಿದವರನ್ನು, ನಡುಗುವ ಮನಸ್ಸಿನವರನ್ನಲ್ಲ. ಪ್ರಾಟೆಸ್ಟಂಟ್ ಸುಧಾರಣೆಯ ಮಾರ್ಟಿನ್ ಲೂಥರ್ ಕೂಡ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಅರಿಕೆ ಮಾಡಿ, ಮತ್ತೆ ಏನೋ ಬಿಟ್ಟುಹೋಯಿತೆಂದು ತನ್ನ ಗುರು ಸ್ಟೌಪಿಟ್ಸ್ ಬಳಿಗೆ ಓಡಿಬರುತ್ತಿದ್ದ. ತಾನೊಬ್ಬಳೇ ಅಲ್ಲ ಎಂದು ತಿಳಿದದ್ದೇ ಇವರಿಗೆ ದೊಡ್ಡ ಸಮಾಧಾನವಾಯಿತು.

ಇಲ್ಲೇ ಒಂದು ಎಡವಟ್ಟಾಯಿತು. ಕ್ರಿಸ್ತನಲ್ಲಿರುವವರಿಗೆ ದಂಡನೆಯ ತೀರ್ಪಿಲ್ಲ ಎನ್ನುವ ರೋಮಾಪುರ 8:1ನ್ನು ಇವರು ಭಯ ಬಂದಾಗಲೆಲ್ಲ ಜಪದಂತೆ ಹೇಳತೊಡಗಿದರು. ಕೃಪೆಯ ವಚನವೇ ಗೀಳಿನ ಕೈಗೆ ಸಿಕ್ಕಿತು. ಯಾವ ವಚನವಾದರೂ ದಿನಕ್ಕೆ ಒಂದು ಸಲ ಓದಿ ಬೈಬಲ್ ಮುಚ್ಚಬೇಕು. ಆತಂಕ ಇಳಿಸಲು ಬಳಸಬಾರದು ಎಂದು ತಿದ್ದಿದೆವು. ಮನಸ್ಸಿನಲ್ಲೇ "ಕರ್ತನೇ ಕ್ಷಮಿಸು" ಎಂದು ತೇಲಿಸಿಬಿಡುವುದೂ ಗೀಳು ಮಾಡಿಸುವ ಪುನರಾವರ್ತನೆಯೇ. ಅದು ಹೊರಗೆ ಕಾಣದು, ಹಾಗಾಗಿ ಪ್ರತಿ ಭೇಟಿಯಲ್ಲೂ ಕೇಳಬೇಕು.

ಭಯವನ್ನು ಹಂತಹಂತವಾಗಿ ಎದುರಿಸುವ ಅಭ್ಯಾಸಕ್ಕೆ, 0ರಿಂದ 100ರವರೆಗೆ ಭಯದ ಅಂಕ ಕೊಟ್ಟು ಮೆಟ್ಟಿಲು ಕಟ್ಟಿದೆವು. ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿ ಹಾಗೇ ಬಿಡುವುದು 35. ಕೆಟ್ಟ ಯೋಚನೆ ಬಂದರೂ ದೋಸೆ ಹುಯ್ಯುತ್ತಲೇ ಇರುವುದು 50. ಪವಿತ್ರಾತ್ಮ ದೂಷಣೆಗೆ ಕ್ಷಮೆಯಿಲ್ಲ ಎಂಬ ಮಾತಿರುವ ಮಾರ್ಕ ಸುವಾರ್ತೆಯ 3ನೇ ಅಧ್ಯಾಯವನ್ನು ಓದಿ, ಪ್ರಾರ್ಥಿಸದೆ ಎದ್ದುಹೋಗುವುದು 75. ಕರ್ತನ ಭೋಜನ 90. ಕೆಳಗಿನದು ಸಲೀಸಾದ ಮೇಲೆಯೇ ಮುಂದಿನದು. ಪಾಪವಾಗುವ ಯಾವ ಕೆಲಸವನ್ನೂ ಈ ಅಭ್ಯಾಸದಲ್ಲಿ ಸೇರಿಸುವುದಿಲ್ಲ. ಸಭೆಯ ಸಾಮಾನ್ಯ ವಿಶ್ವಾಸಿಯೊಬ್ಬರು ಹೆದರದೆ ಮಾಡುವುದಷ್ಟೇ ಗುರಿ. ಸಭಾಪಾಲಕರಿಗೂ, ಈಕೆಯ ಒಪ್ಪಿಗೆ ಪಡೆದು, ಇದನ್ನು ವಿವರಿಸಿದೆವು. ಒಂದೇ ಪ್ರಶ್ನೆಗೆ ಎರಡನೇ ಸಲ ಉತ್ತರ ಕೊಡುವುದಿಲ್ಲ ಎಂದು ಅವರೂ ಒಪ್ಪಿದರು.

ಗಂಡನ ಪಾಲು ಕಠಿಣವಾಗಿತ್ತು. ಹೇಳಬೇಕಾದ ಮಾತು ಹೀಗಿತ್ತು: "ಇದು ಕಾಯಿಲೆ ಕೇಳ್ತಿರೋ ಪ್ರಶ್ನೆ. ಉತ್ತರ ಕೊಡಲ್ಲ, ಆದ್ರೆ ನಿನ್ನ ಜೊತೆ ಕೂತಿರ್ತೀನಿ." ಮೊದಲ ವಾರ ಅವರು ಒಂಬತ್ತು ಸಲ ತಡೆದು ಹತ್ತನೇ ಸಲ ಸೋತು ಉತ್ತರ ಕೊಟ್ಟರು. ಹಾಗಾದಾಗ ಗೀಳು ಹತ್ತು ಸಲ ಕೇಳುವುದನ್ನು ಕಲಿಯುತ್ತದೆ. ಗದರದೆ, ಸೋಲದೆ ಪಕ್ಕದಲ್ಲಿ ಕೂರುವುದು ಅವರಿಗೆ ನಾಲ್ಕನೇ ವಾರಕ್ಕೆ ಬಂತು. ನಮ್ಮ ಕಣ್ಣಿಗೆ ಆ ಮನೆಯಲ್ಲಿ ಕೃಪೆ ಮೊದಲು ಕಂಡದ್ದು ಆ ಮೌನದಲ್ಲಿ.

16ನೇ ವಾರದ ಭಾನುವಾರ ಈಕೆ ಕರ್ತನ ಭೋಜನ ತೆಗೆದುಕೊಂಡರು. ಕೆಟ್ಟ ಯೋಚನೆ ಆಗಲೂ ಬಂತು. ಅದರ ಜೊತೆಗೇ ರೊಟ್ಟಿ ತಿಂದು ಬಂದು ಕೂತರು. ಯೇಲ್-ಬ್ರೌನ್ ಅಂಕ ಈಗ 13. ಮಾತ್ರೆ ಕನಿಷ್ಠ ಒಂದು ವರ್ಷ ಮುಂದುವರಿಯಬೇಕು, ವೈದ್ಯರು ಹೇಳದೆ ನಿಲ್ಲಿಸಬಾರದು. ಮುಂದಿನ ಲೆಂಟ್‌ನ (ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ) 40 ದಿನಗಳಲ್ಲಿ ಆತ್ಮಪರೀಕ್ಷೆಯ ಪ್ರಸಂಗಗಳು ಹೆಚ್ಚಿರುತ್ತವೆ, ಗೀಳು ಮರಳುವ ಹೊತ್ತು ಅದು. ಆ ದಿನಗಳಿಗೆ ಉಪವಾಸ ಬೇಡ, 10 ನಿಮಿಷದ ನಿಯಮ ಬದಲಾಗದು, ವಾರಕ್ಕೊಂದು ಭೇಟಿ ಎಂದು ಈಗಲೇ ಬರೆದಿಟ್ಟಿದ್ದೇವೆ.