ಅಪಾಯಗಳ ಪಟ್ಟಿ ಸಿದ್ಧ, ವಿಂಗಡಿಸುವುದು ಹೇಗೆ?

ಚಿಕ್ಕ ಮುದ್ರಣಾಲಯ ನಡೆಸುವ ಓದುಗರೊಬ್ಬರ ಪ್ರಶ್ನೆ: ‘ಬೆಂಕಿ, ಕಳ್ಳತನ, ಪೈಪೋಟಿ, ಬಾಕಿ ಎಂದು ನಮ್ಮ ವ್ಯವಹಾರದ ಅಪಾಯಗಳನ್ನೆಲ್ಲ ಬರೆದಿಟ್ಟಿದ್ದೇನೆ. ಇವನ್ನು ವಿಂಗಡಿಸುವುದು ಹೇಗೆ?’

ಸಂಪಾದಕರ ಉತ್ತರ: ವಿಂಗಡಿಸುವ ಮೊದಲು ಪಟ್ಟಿಯನ್ನೇ ತಿದ್ದಬೇಕು. ‘ಬಾಕಿ’ ಎಂಬ ಒಂಟಿ ಪದದಿಂದ ಮುಂದೇನು ಮಾಡಬೇಕೆಂದು ಹೊಳೆಯುವುದಿಲ್ಲ. ಕಾರಣ, ಘಟನೆ, ಪರಿಣಾಮ ಮೂರೂ ಒಂದೇ ವಾಕ್ಯದಲ್ಲಿ ಬರಲಿ: ‘ವಹಿವಾಟಿನ ಅರ್ಧ ಒಬ್ಬರೇ ಗ್ರಾಹಕರದ್ದು; ಅವರು ಹಣ ತಡಮಾಡಿದರೆ ಆ ತಿಂಗಳ ಸಂಬಳಕ್ಕೆ ದುಡ್ಡಿರುವುದಿಲ್ಲ.’ ಹೀಗೆ ಬರೆದಾಗ ಮುಂಗಡ ಕೇಳಬೇಕು, ಉದ್ರಿಗೆ ಮಿತಿ ಹಾಕಬೇಕು ಎಂಬುದು ತಾನಾಗಿಯೇ ಕಾಣುತ್ತದೆ.

ಬಾಕಿಯ ಲೆಕ್ಕವನ್ನು ದಿನಗಳಲ್ಲಿ ಹಾಕಿ. ಕಾಗದ 30 ದಿನ ಗೋದಾಮಿನಲ್ಲಿರುತ್ತದೆ, ಗ್ರಾಹಕರು ಹಣ ಕೊಡಲು 45 ದಿನ, ಕಾಗದದವರಿಗೆ ನೀವು ಕೊಡಬೇಕಾದದ್ದು 15 ದಿನದಲ್ಲಿ ಎಂದಿಟ್ಟುಕೊಳ್ಳಿ. 30+45−15, ಅಂದರೆ 60 ದಿನ ನಿಮ್ಮ ಕೈಯ ಹಣವೇ ಓಡಬೇಕು. ಲಾಭದಲ್ಲಿರುವ ವ್ಯವಹಾರವೂ ಮುಗ್ಗರಿಸುವುದು ಇಲ್ಲೇ.

ಆರ್ಡರ್ ಬಂದಲ್ಲಿಂದ ಹಣ ಕೈಸೇರುವವರೆಗೆ ಪ್ರತಿ ಹಂತದಲ್ಲೂ ‘ಇದು ನಿಂತರೆ ಗತಿಯೇನು? ಇದನ್ನು ಬಲ್ಲವರು ಒಬ್ಬರೇನಾ?’ ಎಂದು ಕೇಳಿಕೊಳ್ಳಿ. ಯಂತ್ರ ನಡೆಸುವವರು ಬಿಟ್ಟುಹೋಗುವುದು, ಫೈಲುಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿರುವುದು, ನೀವೇ ಹಾಸಿಗೆ ಹಿಡಿಯುವುದು ನಿಮ್ಮ ಪಟ್ಟಿಯಲ್ಲಿಲ್ಲ.

ಇನ್ನು ವಿಂಗಡಣೆ. ಹಣ, ದಿನನಿತ್ಯದ ಕೆಲಸ, ಕಾನೂನು, ಮಾರುಕಟ್ಟೆ, ಬೆಂಕಿ-ನೀರಿನಂಥ ಅವಘಡ: ಈ ಐದು ಗುಂಪು ಸಾಕು. ಯಾವುದು ಎಲ್ಲಿಗೆ ಸೇರಬೇಕೆಂದು ತಲೆ ಕೆಡಿಸಿಕೊಳ್ಳಬೇಡಿ. ಯಾವ ಗುಂಪು ಖಾಲಿ ಉಳಿಯಿತು ಎಂದು ನೋಡುವುದಕ್ಕಷ್ಟೇ ಇವು.

ಮುಖ್ಯವಾದದ್ದು ಆದ್ಯತೆ. ಸಂಭವಕ್ಕೆ 1ರಿಂದ 5, ನಷ್ಟಕ್ಕೆ 1ರಿಂದ 5 ಅಂಕ ಕೊಟ್ಟು ಗುಣಿಸುವುದು ರೂಢಿ. ಇದರಲ್ಲೊಂದು ದೊಡ್ಡ ದೋಷವಿದೆ. ವಾರವಾರವೂ ಒಂದಿಷ್ಟು ಹಾಳೆ ಹಾಳಾಗುವುದು 5×1, ಬೆಂಕಿ 1×5. ಎರಡಕ್ಕೂ 5! ಆದ್ದರಿಂದ ಮತ್ತೆ ಬಾಗಿಲು ತೆರೆಯಲಾಗದಷ್ಟು ನಷ್ಟ ತರುವ ಅಪಾಯವನ್ನು, ಗುಣಲಬ್ಧ ಎಷ್ಟೇ ಇರಲಿ, ಪಟ್ಟಿಯ ತಲೆಗೆ ಹಾಕಿ.

ಆಮೇಲೆ ಪ್ರತಿಯೊಂದಕ್ಕೂ ದಾರಿ ನಾಲ್ಕೇ: ತಪ್ಪಿಸು, ತಗ್ಗಿಸು, ವರ್ಗಾಯಿಸು, ಗೊತ್ತಿದ್ದೇ ಒಪ್ಪಿಕೋ. ಬೆಂಕಿಗೆ ವಿಮೆ ಮಾಡಿಸಿದರೆ ವರ್ಗಾಯಿಸಿದ್ದು ನಷ್ಟದ ಒಂದು ಭಾಗ ಮಾತ್ರ. ಸುಟ್ಟ ಯಂತ್ರಕ್ಕೆ ಹಣ ಬಂದರೂ ಕೆಲಸ ನಿಂತ ದಿನಗಳ ನಷ್ಟಕ್ಕೆ ಸಾಮಾನ್ಯವಾಗಿ ಬೇರೆ ರಕ್ಷಣೆ ಬೇಕಾಗುತ್ತದೆ. ಪಾಲಿಸಿಯಲ್ಲಿ ಅದಿದೆಯೇ ಎಂದು ಇಂದೇ ಓದಿ ನೋಡಿ. ಬೆಂಕಿಯ ಅಪಾಯ ತಗ್ಗಿಸಲು ಎಣ್ಣೆ, ದ್ರಾವಕ ಹೀರಿದ ಬಟ್ಟೆಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೇ ಹಾಕಿಸಿ. ಎಣ್ಣೆಬಟ್ಟೆ ರಾಶಿ ಬಿದ್ದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು.

ಪ್ರತಿ ಸಾಲಿನ ಮುಂದೆ ಹೊಣೆ ಹೊತ್ತ ಒಬ್ಬರ ಹೆಸರು, ಮತ್ತೆ ನೋಡಬೇಕಾದ ಒಂದು ತಾರೀಖು ಇರಲಿ. ಹೊಸ ಯಂತ್ರ ಬಂದಾಗ, ದೊಡ್ಡ ಗ್ರಾಹಕರು ಸೇರಿದಾಗ ಅಥವಾ ಬಿಟ್ಟಾಗ, ತಾರೀಖಿಗೆ ಕಾಯದೆ ಪಟ್ಟಿ ತೆರೆಯಿರಿ.